ಲ್ಯಾಪ್‌ಟಾಪಿನ ವೈಫೈ ಕಾರ್ಡ್ ಲಿನಕ್ಸ್‌ಗೆ ಒಗ್ಗುತ್ತದೆಯೇ? ಗುರುತಿಸುವ, ಸರಿಪಡಿಸುವ, ಬದಲಿಸುವ ಕ್ರಮ

ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಂಡವರು ಮೊದಲು ಕೇಳುವ ಪ್ರಶ್ನೆ ಬಹುಪಾಲು ಒಂದೇ ಆಗಿರುತ್ತದೆ: ಪರದೆ ಬಂತು, ಕೀಲಿಮಣೆ ಬಂತು, ಧ್ವನಿಯೂ ಬಂತು, ವೈಫೈ ಮಾತ್ರ ಏಕೆ ಬರಲಿಲ್ಲ? ಜೊತೆಗೆ ಅವರು ಕೊಡುವ ವಿವರ ಲ್ಯಾಪ್‌ಟಾಪಿನ ಕಂಪನಿ ಮತ್ತು ಮಾದರಿಯ ಹೆಸರು. ಉತ್ತರ ಹೇಳಲು ಅಷ್ಟು ಸಾಲುವುದಿಲ್ಲ, ಏಕೆಂದರೆ ಒಂದೇ ಮಾದರಿಯ ಹೆಸರಿನಲ್ಲಿ ಮಾರಾಟವಾದ ಎರಡು ಯಂತ್ರಗಳ ಪೈಕಿ ಒಂದರಲ್ಲಿ ಇಂಟೆಲ್ ಕಾರ್ಡೂ ಇನ್ನೊಂದರಲ್ಲಿ ರಿಯಲ್‌ಟೆಕ್ ಕಾರ್ಡೂ ಇರುವುದುಂಟು. ನಮಗೆ ಬೇಕಾದದ್ದು ಎರಡೇ ಸಂಗತಿ: ಕಾರ್ಡಿನ ಚಿಪ್ಪಿನ ಗುರುತಿನ ಸಂಖ್ಯೆ, ಮತ್ತು ನಾವು ಓಡಿಸುತ್ತಿರುವ ಕರ್ನಲ್‌ನ, ಅಂದರೆ ಲಿನಕ್ಸ್‌ನ ತಿರುಳಾದ ತಂತ್ರಾಂಶದ, ಆವೃತ್ತಿ. ಈ ಎರಡು ಕೈಯಲ್ಲಿದ್ದರೆ ವೈಫೈ ತೊಂದರೆಗಳಲ್ಲಿ ಹೆಚ್ಚಿನವು ಅರ್ಧ ಗಂಟೆಯಲ್ಲಿ ಬಗೆಹರಿಯುತ್ತವೆ, ಇಲ್ಲವೇ ಬಗೆಹರಿಯುವಂಥದ್ದಲ್ಲ ಎಂದು ಖಚಿತವಾಗುತ್ತದೆ. ಎರಡನೆಯದೂ ಉಪಯುಕ್ತವಾದ ಉತ್ತರವೇ.

ಮುಂದಕ್ಕೆ ಹೋಗುವ ಮೊದಲು ಒಂದು ಸೂಚನೆ. ಈ ಲೇಖನದಲ್ಲಿ ಟರ್ಮಿನಲ್‌ನ (ಆದೇಶಗಳನ್ನು ಟೈಪ್ ಮಾಡುವ ಕಿಟಕಿಯ) ಆದೇಶಗಳನ್ನು ಕನ್ನಡ ಅಕ್ಷರಗಳಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

ಮೊದಲು ತಾತ್ಕಾಲಿಕ ಸಂಪರ್ಕ

ವೈಫೈ ಸರಿಪಡಿಸಲು ಪ್ಯಾಕೇಜುಗಳನ್ನು ಇಳಿಸಿಕೊಳ್ಳಬೇಕು, ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು. ಈ ತೊಡಕನ್ನು ಬಿಡಿಸುವ ಅತಿ ಸುಲಭದ ಉಪಾಯ ನಿಮ್ಮ ಜೇಬಿನಲ್ಲೇ ಇದೆ. ಆಂಡ್ರಾಯ್ಡ್ ಫೋನನ್ನು ಡೇಟಾ ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ವಿಭಾಗಕ್ಕೆ ಹೋಗಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಇದಕ್ಕೆ ಬೇಕಾದ ಡ್ರೈವರ್, ಅಂದರೆ ಸಾಧನವನ್ನು ನಡೆಸುವ ತಂತ್ರಾಂಶ, ಲಿನಕ್ಸ್ ಕರ್ನಲ್‌ನಲ್ಲಿ ಮೊದಲಿನಿಂದಲೂ ಇರುವುದರಿಂದ ಕೆಲವು ಕ್ಷಣಗಳಲ್ಲಿ ತಂತಿ ಸಂಪರ್ಕದ ಚಿಹ್ನೆ ಕಾಣಿಸಿಕೊಳ್ಳುತ್ತದೆ. ಚಾರ್ಜ್ ಮಾಡಲು ಮಾತ್ರ ಬರುವ ಅಗ್ಗದ ಕೇಬಲ್‌ನಿಂದ ಈ ಕೆಲಸ ಆಗದು. ಫೋನ್ ಮನೆಯ ವೈಫೈಗೆ ಜೋಡಣೆಯಾಗಿದ್ದರೆ ಸಾಮಾನ್ಯವಾಗಿ ಅದೇ ಸಂಪರ್ಕ ಲ್ಯಾಪ್‌ಟಾಪಿಗೂ ಹಾದುಬರುವುದರಿಂದ ಮೊಬೈಲ್ ಡೇಟಾ ಖರ್ಚಾಗುವುದಿಲ್ಲ.

ಕಾರ್ಡಿನ ನಿಜವಾದ ಗುರುತು

ಟರ್ಮಿನಲ್ ತೆರೆದು ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಎಂಬ ಆದೇಶ ಕೊಡಿ. ಯಂತ್ರದ ಒಳಗಿನ ಸಾಧನಗಳೆಲ್ಲ ಪಟ್ಟಿಯಾಗಿ ಬರುತ್ತವೆ. ಅದರಲ್ಲಿ ‘ನೆಟ್‌ವರ್ಕ್ ಕಂಟ್ರೋಲರ್’ ಎಂದಿರುವ ಸಾಲು ನಮ್ಮದು. ‘ಈಥರ್‌ನೆಟ್ ಕಂಟ್ರೋಲರ್’ ಎಂದಿರುವುದು ತಂತಿಯ ಪೋರ್ಟು, ಅದನ್ನು ಬಿಟ್ಟುಬಿಡಿ. ಸಾಲಿನ ಕೊನೆಯಲ್ಲಿ ಚೌಕ ಆವರಣದೊಳಗೆ ಕೋಲನ್ನಿನಿಂದ ಬೇರ್ಪಟ್ಟ ಎರಡು ಸಂಖ್ಯೆಗಳಿರುತ್ತವೆ. ಉದಾಹರಣೆಗೆ 8086:2723. ಮೊದಲ ಭಾಗ ತಯಾರಕರದು, ಎರಡನೆಯದು ಚಿಪ್ಪಿನದು. 8086 ಎಂದರೆ ಇಂಟೆಲ್, 2723 ಎಂದರೆ ಅದರ ಎಎಕ್ಸ್200 ಕಾರ್ಡ್. ಇದೇ ರೀತಿ 14ಇ4 ಎಂದರೆ ಬ್ರಾಡ್‌ಕಾಮ್, 10ಇಸಿ ಎಂದರೆ ರಿಯಲ್‌ಟೆಕ್, 14ಸಿ3 ಎಂದರೆ ಮೀಡಿಯಾಟೆಕ್, 168ಸಿ ಎಂದರೆ ಅಥೆರಾಸ್, ಮತ್ತು ಅಥೆರಾಸನ್ನು ಕೊಂಡ ಕ್ವಾಲ್‌ಕಾಮ್‌ನ ಹೊಸ ಚಿಪ್ಪುಗಳಿಗೆ 17ಸಿಬಿ.

ಪಟ್ಟಿಯಲ್ಲಿ ನೆಟ್‌ವರ್ಕ್ ಕಂಟ್ರೋಲರ್ ಎಂಬ ಸಾಲೇ ಇಲ್ಲದಿದ್ದರೆ ‘ಎಲ್‌ಎಸ್‌ಯುಎಸ್‌ಬಿ’ ಆದೇಶವನ್ನೂ ಕೊಟ್ಟು ನೋಡಿ, ಏಕೆಂದರೆ ಕೆಲವು ಅಗ್ಗದ ಯಂತ್ರಗಳಲ್ಲಿ ಒಳಗಿನ ಕಾರ್ಡೂ ಯುಎಸ್‌ಬಿ ದಾರಿಯಲ್ಲೇ ಕುಳಿತಿರುತ್ತದೆ. ಎರಡರಲ್ಲೂ ಕಾಣದಿದ್ದರೆ ತೊಂದರೆ ಡ್ರೈವರ್‌ನದಲ್ಲ. ಕಾರ್ಡ್ ಬಯಾಸ್‌ನಲ್ಲಿ (ಯಂತ್ರ ಹಚ್ಚಿದೊಡನೆ ಮೊದಲು ಓಡುವ ತಂತ್ರಾಂಶದಲ್ಲಿ) ನಿಷ್ಕ್ರಿಯವಾಗಿರಬೇಕು, ಸ್ಲಾಟಿನಲ್ಲಿ ಸಡಿಲಾಗಿರಬೇಕು ಅಥವಾ ಕೆಟ್ಟಿರಬೇಕು.

ಕರ್ನಲ್ ಆವೃತ್ತಿ ತಿಳಿಯಲು ‘ಯುನೇಮ್ -ಆರ್’ ಸಾಕು. ಈ ಎರಡನ್ನೂ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಡ್ರೈವರ್ ಹತ್ತಿದೆಯೇ, ಫರ್ಮ್‌ವೇರ್ ಸಿಕ್ಕಿದೆಯೇ

ವೈಫೈ ಕಾರ್ಡ್ ಕೆಲಸ ಮಾಡಲು ಎರಡು ತಂತ್ರಾಂಶಗಳು ಬೇಕು. ಒಂದು, ಕರ್ನಲ್‌ನೊಳಗೆ ಓಡುವ ಡ್ರೈವರ್. ಇನ್ನೊಂದು, ಕಾರ್ಡಿನ ಚಿಪ್ಪಿನೊಳಗೇ ಓಡುವ ಪುಟ್ಟ ಕ್ರಮವಿಧಿಯಾದ ಫರ್ಮ್‌ವೇರ್. ಡ್ರೈವರ್ ಬಹುತೇಕ ಮುಕ್ತ ತಂತ್ರಾಂಶವಾಗಿರುತ್ತದೆ, ಆದರೆ ಫರ್ಮ್‌ವೇರ್ ತಯಾರಕರು ಆಕರ ಸಂಕೇತವಿಲ್ಲದೆ ಕೊಡುವ ಮುಚ್ಚಿದ ಕಡತ. ಕೆಲವು ವಿತರಣೆಗಳು (ಉಬುಂಟು, ಡೆಬಿಯನ್‌ನಂತಹ ಲಿನಕ್ಸ್ ರೂಪಗಳು) ಅದನ್ನು ತಮ್ಮ ಮುಖ್ಯ ಭಂಡಾರದಿಂದ ಹೊರಗಿಟ್ಟಿರುವುದು ಈ ಕಾರಣಕ್ಕೆ. ಡೆಬಿಯನ್ ದೀರ್ಘಕಾಲ ಹೀಗೇ ನಡೆದುಕೊಂಡಿತ್ತು. 2022ರಲ್ಲಿ ಅದರ ಸದಸ್ಯರು ಮತ ಹಾಕಿ ನಿಲುವು ಬದಲಿಸಿದ ಮೇಲೆ, 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರ ಅಧಿಕೃತ ಅನುಸ್ಥಾಪಕದಲ್ಲೇ ಫರ್ಮ್‌ವೇರ್ ಸೇರಿಕೊಂಡಿತು. ಹಳೆಯ ಡೆಬಿಯನ್ ಪೆನ್‌ಡ್ರೈವ್ ಇಟ್ಟುಕೊಂಡು ವೈಫೈ ಬರಲಿಲ್ಲವೆಂದು ಬೇಸರಪಟ್ಟವರು ಹೊಸ ಆವೃತ್ತಿಯನ್ನು ಒಮ್ಮೆ ಪರೀಕ್ಷಿಸಲೇಬೇಕು.

ಮೊದಲಿನ ಆದೇಶದ ಉತ್ತರದಲ್ಲೇ, ಕಾರ್ಡಿನ ಸಾಲಿನ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲಿದೆಯೇ ನೋಡಿ. ಆ ಸಾಲಿಲ್ಲದಿದ್ದರೆ ಡ್ರೈವರ್ ಹತ್ತಿಲ್ಲ. ನಿಮ್ಮ ಕರ್ನಲ್ ಆ ಚಿಪ್ಪಿಗಿಂತ ಹಳೆಯದಾಗಿರುವ ಸಾಧ್ಯತೆಯೇ ಹೆಚ್ಚು. ಸಾಲು ಇದ್ದೂ ವೈಫೈ ಇಲ್ಲವೆಂದರೆ ‘ಸುಡೋ ಡಿಎಂಇಎಸ್‌ಜಿ’ ಆದೇಶ ಕೊಟ್ಟು, ಬರುವ ಉದ್ದನೆಯ ದಾಖಲೆಯಲ್ಲಿ ಫರ್ಮ್‌ವೇರ್ ಎಂಬ ಪದವನ್ನು ಹುಡುಕಿ. ಇಂಥ ಕಡತವನ್ನು ತೆರೆಯಲಾಗಲಿಲ್ಲ ಎಂಬರ್ಥದ ಸಾಲು, ಕಡತದ ಹೆಸರಿನೊಂದಿಗೆ, ಅಲ್ಲಿ ಕಂಡರೆ ರೋಗ ಪತ್ತೆಯಾಯಿತು. ಉಬುಂಟು ಮತ್ತು ಫೆಡೋರಾಗಳಲ್ಲಿ ‘ಲಿನಕ್ಸ್-ಫರ್ಮ್‌ವೇರ್’ ಪ್ಯಾಕೇಜನ್ನು ನವೀಕರಿಸಿ. ಡೆಬಿಯನ್‌ನಲ್ಲಿ ‘ಫರ್ಮ್‌ವೇರ್-ಐಡಬ್ಲ್ಯುಎಲ್‌ವೈಫೈ’, ‘ಫರ್ಮ್‌ವೇರ್-ರಿಯಲ್‌ಟೆಕ್’, ‘ಫರ್ಮ್‌ವೇರ್-ಅಥೆರಾಸ್’ ಎಂದು ತಯಾರಕವಾರು ಪ್ಯಾಕೇಜುಗಳಿವೆ, ನಿಮ್ಮದನ್ನು ಆರಿಸಿ ಹಾಕಿ. ನಂತರ ಯಂತ್ರವನ್ನು ಪೂರ್ತಿ ಆರಿಸಿ ಮತ್ತೆ ಹಚ್ಚಿ. ಬರಿಯ ರೀಸ್ಟಾರ್ಟ್‌ನಲ್ಲಿ ಕೆಲವು ಕಾರ್ಡುಗಳು ಹಳೆಯ ಸ್ಥಿತಿಯಲ್ಲೇ ಉಳಿದುಬಿಡುತ್ತವೆ.

ವಿಂಡೋಸ್ ಜೊತೆಯಲ್ಲೇ ಲಿನಕ್ಸ್ ಇಟ್ಟುಕೊಂಡವರು ಇನ್ನೊಂದನ್ನು ಗಮನಿಸಬೇಕು. ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಸೌಲಭ್ಯ ಯಂತ್ರವನ್ನು ನಿಜವಾಗಿ ಆರಿಸದೆ ಅರೆನಿದ್ರೆಗೆ ಕಳಿಸುತ್ತದೆ. ಆ ಸ್ಥಿತಿಯಲ್ಲಿ ಸಿಕ್ಕ ಕಾರ್ಡನ್ನು ಲಿನಕ್ಸ್ ಡ್ರೈವರ್ ಎಬ್ಬಿಸಲಾಗದೆ ಸೋಲಬಹುದು. ನಿನ್ನೆ ಬಂದ ವೈಫೈ ಇಂದು ಇಲ್ಲ, ನಾಳೆ ಮತ್ತೆ ಬರುತ್ತದೆ ಎಂಬ ದೂರು ಕೇಳಿದಾಗ ನಾನು ಮೊದಲು ಆ ಸೌಲಭ್ಯವನ್ನು ತೆಗೆಯಲು ಹೇಳುತ್ತೇನೆ.

ಬೀಗ ಬಿದ್ದಿರುವ ರೇಡಿಯೋ

ಡ್ರೈವರ್ ಹತ್ತಿದೆ, ಫರ್ಮ್‌ವೇರ್ ಸಿಕ್ಕಿದೆ, ಆದರೂ ಒಂದು ನೆಟ್‌ವರ್ಕೂ ಕಾಣುತ್ತಿಲ್ಲ ಎಂದಾದರೆ ‘ಆರ್‌ಎಫ್‌ಕಿಲ್ ಲಿಸ್ಟ್’ ಆದೇಶ ಕೊಡಿ. ಅದರಲ್ಲಿ ‘ಸಾಫ್ಟ್ ಬ್ಲಾಕ್ಡ್’ ಎದುರು ‘ಯೆಸ್’ ಎಂದಿದ್ದರೆ ತಂತ್ರಾಂಶವೇ ರೇಡಿಯೋವನ್ನು ಮುಚ್ಚಿದೆ, ‘ಸುಡೋ ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ’ ಎಂದರೆ ತೆರೆಯುತ್ತದೆ. ‘ಹಾರ್ಡ್ ಬ್ಲಾಕ್ಡ್’ ಎದುರು ‘ಯೆಸ್’ ಎಂದಿದ್ದರೆ ಯಾವ ಆದೇಶವೂ ನಡೆಯದು. ಹಳೆಯ ಯಂತ್ರಗಳಲ್ಲಿ ಪಕ್ಕದ ಅಂಚಿನಲ್ಲೋ ಮುಂಭಾಗದಲ್ಲೋ ಇರುವ ಸಣ್ಣ ಜಾರುಗುಂಡಿಯನ್ನು, ಹೊಸತರಲ್ಲಿ ವಿಮಾನದ ಚಿತ್ರವಿರುವ ಕೀಲಿಯನ್ನು ಹುಡುಕಬೇಕು. ನನ್ನ ಚಿಕ್ಕಪ್ಪನ ಮಗನ ಲ್ಯಾಪ್‌ಟಾಪಿನಲ್ಲಿ ನಾನು ಒಂದು ಸಂಜೆಯೆಲ್ಲ ಡ್ರೈವರ್‌ಗಳನ್ನು ತೆಗೆದು ಹಾಕಿ ಮಾಡಿದ ಮೇಲೆ ಕಂಡದ್ದು ಅಂಚಿನ ಇಂಥದೊಂದು ಜಾರುಗುಂಡಿ. ಅಂದಿನಿಂದ ಫರ್ಮ್‌ವೇರ್ ಹುಡುಕುವ ಮೊದಲೇ ಈ ಆದೇಶ ಕೊಡುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಚಿಪ್ಪಿನ ಮನೆತನ ನೋಡಿ ನಿರ್ಧಾರ

ಇಂಟೆಲ್ ಕಾರ್ಡಿದ್ದರೆ ಚಿಂತೆ ಕಡಿಮೆ. ಅದರ ‘ಐಡಬ್ಲ್ಯುಎಲ್‌ವೈಫೈ’ ಡ್ರೈವರನ್ನು ಕಂಪನಿಯೇ ಕರ್ನಲ್‌ನೊಳಗೆ ಪೋಷಿಸಿಕೊಂಡು ಬಂದಿದೆ. ಕೇಳಬೇಕಾದ್ದು ಕರ್ನಲ್ ಎಷ್ಟು ಹೊಸದು ಎಂಬುದನ್ನಷ್ಟೆ. ಎಎಕ್ಸ್200ಕ್ಕೆ 5.1, ಎಎಕ್ಸ್210ಕ್ಕೆ 5.10 ಅಥವಾ ಅದಕ್ಕಿಂತ ಹೊಸದು ಬೇಕು. ಮೀಡಿಯಾಟೆಕ್ ಇತ್ತೀಚಿನ ವರ್ಷಗಳಲ್ಲಿ ನಂಬಿಕೆ ಗಳಿಸಿದೆ. ಎಎಂಡಿ ಪ್ರೊಸೆಸರ್‌ನ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಾಗಿ ಕಾಣುವ ಎಂಟಿ7921 ಚಿಪ್ಪಿಗೆ ಕರ್ನಲ್ 5.12ರಿಂದ, ಎಂಟಿ7925ಕ್ಕೆ 6.7ರಿಂದ ಬೆಂಬಲವಿದೆ. ಆರ್‌ಝಡ್616 ಎಂಬ ಎಎಂಡಿ ಹೆಸರಿನ ಕಾರ್ಡೂ ಒಳಗೆ ಮೀಡಿಯಾಟೆಕ್‌ನ ಎಂಟಿ7922 ಚಿಪ್ಪೇ ಆಗಿದೆ. ಹಳೆಯ ಅಥೆರಾಸ್ ಕಾರ್ಡುಗಳ ‘ಎಟಿಎಚ್9ಕೆ’ ಡ್ರೈವರನ್ನು 2008ರಲ್ಲಿ ಕಂಪನಿಯೇ ಮುಕ್ತವಾಗಿ ಬಿಡುಗಡೆ ಮಾಡಿತು. ಅದು ಫರ್ಮ್‌ವೇರ್ ಕಡತವನ್ನೇ ಕೇಳುವುದಿಲ್ಲ. ವೇಗ ಇಂದಿನ ಲೆಕ್ಕದಲ್ಲಿ ಸಾಧಾರಣವಾದರೂ ಅದರಷ್ಟು ತಂಟೆಯಿಲ್ಲದ ಕಾರ್ಡನ್ನು ನಾನು ಕಂಡಿಲ್ಲ.

ರಿಯಲ್‌ಟೆಕ್ ವಿಷಯದಲ್ಲಿ ತಾಳ್ಮೆ ಬೇಕು. ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಹೇರಳವಾಗಿರುವ ಆರ್‌ಟಿಎಲ್8821ಸಿಇ ಚಿಪ್ಪಿಗೆ ಕರ್ನಲ್ 5.9ರಲ್ಲಿ, ಅದರ ಮುಂದಿನ ತಲೆಮಾರಿನ ಆರ್‌ಟಿಎಲ್8852ಬಿಇಗೆ 6.2ರಲ್ಲಿ ಬೆಂಬಲ ಬಂತು. ಅದಕ್ಕೂ ಮುನ್ನ ಬರೆದ ಸಲಹೆಗಳು ಹೊರಗಿನಿಂದ ಡ್ರೈವರ್ ಇಳಿಸಿ, ಕಂಪೈಲ್ ಮಾಡಿ ಹಾಕಲು ಹೇಳುತ್ತವೆ. ಇಂದು ಆ ದಾರಿ ಹಿಡಿಯಬೇಡಿ, ಮೊದಲು ಕರ್ನಲ್ ನವೀಕರಿಸಿ. ಹೊರಗಿನ ಡ್ರೈವರ್ ಈಗಾಗಲೇ ಇದ್ದರೆ ಅದನ್ನು ತೆಗೆಯಿರಿ, ಇಲ್ಲದಿದ್ದರೆ ಎರಡು ಡ್ರೈವರ್‌ಗಳು ಒಂದೇ ಕಾರ್ಡಿಗೆ ಜಗ್ಗಾಡುತ್ತವೆ. ಹಳೆಯ ಆರ್‌ಟಿಎಲ್8723ಬಿಇ ಇರುವ ಕೆಲವು ಯಂತ್ರಗಳಲ್ಲಿ ರೌಟರಿನ ಪಕ್ಕದಲ್ಲೇ ಕುಳಿತರೂ ಸಿಗ್ನಲ್ ಕ್ಷೀಣವಾಗಿರುತ್ತದೆ. ಯಂತ್ರದಲ್ಲಿ ಒಂದೇ ಆಂಟೆನಾ ಇದ್ದು, ಡ್ರೈವರ್ ಖಾಲಿ ತುದಿಯಲ್ಲಿ ಅದನ್ನು ಹುಡುಕುತ್ತಿರುವುದು ಇದಕ್ಕೆ ಕಾರಣ. ‘ಇಟಿಸಿ’ ಕೋಶದ ‘ಮಾಡ್‌ಪ್ರೋಬ್.ಡಿ’ ಉಪಕೋಶದಲ್ಲಿ ‘.ಕಾನ್ಫ್’ ಎಂದು ಮುಗಿಯುವ ಹೊಸ ಕಡತ ಮಾಡಿ, ‘ಆಪ್ಶನ್ಸ್ ಆರ್‌ಟಿಎಲ್8723ಬಿಇ ಎಎನ್‌ಟಿ_ಎಸ್‌ಇಎಲ್=2’ ಎಂಬ ಒಂದೇ ಸಾಲು ಬರೆದು ಉಳಿಸಿ. ಯಂತ್ರವನ್ನು ಮತ್ತೆ ಹಚ್ಚಿದ ಮೇಲೂ ಸುಧಾರಿಸದಿದ್ದರೆ 2ರ ಬದಲು 1 ಹಾಕಿ ನೋಡಿ. ಸಾವಿರಾರು ರೂಪಾಯಿಯ ಹೊಸ ಯಂತ್ರ ಕೊಳ್ಳುವಷ್ಟು ಬೇಸತ್ತವರ ಕಷ್ಟ ಈ ಒಂದು ಸಾಲಿನಿಂದ ಕಳೆಯುತ್ತದೆ ಎಂಬುದು ಹೆಚ್ಚು ಜನರಿಗೆ ಗೊತ್ತಾಗಬೇಕು.

ಬ್ರಾಡ್‌ಕಾಮ್ ಎಲ್ಲಕ್ಕಿಂತ ಕಠಿಣ. ಈ ಕಾರ್ಡುಗಳಿಗೆ ತಯಾರಕರ ನೆರವಿಲ್ಲದ ಕಾಲದಲ್ಲಿ ಸ್ವಯಂಸೇವಕರು ಮುಚ್ಚಿದ ಡ್ರೈವರನ್ನು ಬಿಡಿಬಿಡಿಯಾಗಿ ಅಧ್ಯಯನ ಮಾಡಿ ‘ಬಿ43’ ಎಂಬ ಮುಕ್ತ ಡ್ರೈವರ್ ಕಟ್ಟಿದರು. 2010ರಲ್ಲಿ ಕಂಪನಿ ಕೆಲವೇ ಚಿಪ್ಪುಗಳಿಗಾಗಿ ಮುಕ್ತ ಡ್ರೈವರ್ ಬಿಟ್ಟಿತು. ಉಳಿದವುಗಳಿಗೆ ಇರುವುದು ‘ಡಬ್ಲ್ಯುಎಲ್’ ಎಂಬ ಅರೆಮುಚ್ಚಿದ ಡ್ರೈವರ್, ಅದರ ಕೊನೆಯ ಬಿಡುಗಡೆ 2015ರದು. ಅಂದಿನಿಂದ ವಿತರಣೆಗಳವರು ಹೊಸ ಕರ್ನಲ್‌ಗಳಿಗೆ ಹೊಂದುವಂತೆ ಅದಕ್ಕೆ ತೇಪೆ ಹಾಕುತ್ತಾ ಬಂದಿದ್ದಾರೆ. ಹಳೆಯ ಮ್ಯಾಕ್‌ಬುಕ್‌ಗಳಿಗೆ ಲಿನಕ್ಸ್ ಹಾಕುವವರು ಚಿಪ್ ಸಂಖ್ಯೆ ನೋಡಲೇಬೇಕು: 2012ರ ಮ್ಯಾಕ್‌ಬುಕ್ ಪ್ರೋದಲ್ಲಿರುವ ಬಿಸಿಎಂ4331 ‘ಬಿ43’ರಿಂದ ನಡೆಯುತ್ತದೆ, 2013ರ ನಂತರದ ಮ್ಯಾಕ್‌ಬುಕ್ ಏರ್‌ನಲ್ಲಿ ಕಾಣುವ ಬಿಸಿಎಂ4360ಕ್ಕೆ ‘ಡಬ್ಲ್ಯುಎಲ್’ ಬೇಕೇ ಬೇಕು. ಉಬುಂಟುವಿನಲ್ಲಿ ‘ಅಡಿಷನಲ್ ಡ್ರೈವರ್ಸ್’ ತೆರೆದರೆ ಅದು ಪಟ್ಟಿಯಲ್ಲಿ ಸಿಗುತ್ತದೆ. ಡೆಬಿಯನ್‌ನಲ್ಲಿ ಪ್ಯಾಕೇಜಿನ ಹೆಸರು ‘ಬ್ರಾಡ್‌ಕಾಮ್-ಎಸ್‌ಟಿಎ-ಡಿಕೆಎಂಎಸ್’.

ಇಂಥ ಹೊರಗಿನ ಡ್ರೈವರ್‌ಗಳಿಗೆ ಎರಡು ಎಚ್ಚರಿಕೆಗಳಿವೆ. ಯಂತ್ರದಲ್ಲಿ ಸೆಕ್ಯೂರ್ ಬೂಟ್ ಆನ್ ಆಗಿದ್ದರೆ ಸಹಿ ಇಲ್ಲದ ಡ್ರೈವರ್ ಹತ್ತುವುದಿಲ್ಲ. ಉಬುಂಟು ಇಂಥ ಡ್ರೈವರ್‌ನ ಅನುಸ್ಥಾಪನೆಯ ವೇಳೆ ಒಂದು ಗುಪ್ತಪದ ಕೇಳಿ, ಮುಂದಿನ ಬಾರಿ ಯಂತ್ರ ಹಚ್ಚಿದಾಗ ನೀಲಿ ಪರದೆಯೊಂದರಲ್ಲಿ ಅದನ್ನೇ ಮತ್ತೆ ಕೇಳುತ್ತದೆ. ಅಲ್ಲಿ ‘ಎನ್‌ರೋಲ್’ ಆರಿಸದೆ ಮುಂದೆ ಹೋದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಎರಡನೆಯದು, ಕರ್ನಲ್ ನವೀಕರಣವಾದಾಗಲೆಲ್ಲ ಈ ಡ್ರೈವರ್ ಮತ್ತೆ ಕಟ್ಟಲ್ಪಡಬೇಕು. ಕಟ್ಟಲಾಗದಿದ್ದರೆ ವೈಫೈ ಹೋಗುತ್ತದೆ. ಆಗ ಬೂಟ್ ಪಟ್ಟಿಯ ‘ಅಡ್ವಾನ್ಸ್‌ಡ್ ಆಪ್ಶನ್ಸ್’ನಿಂದ ಹಿಂದಿನ ಕರ್ನಲ್ ಆರಿಸಿಕೊಂಡರೆ ಸಂಪರ್ಕ ಮರಳುತ್ತದೆ. ಆದ್ದರಿಂದ ಹಿಂದಿನ ಕರ್ನಲ್ ಒಂದನ್ನು ಅಳಿಸದೆ ಉಳಿಸಿಕೊಂಡಿರಿ.

ಕಾರ್ಡ್ ಬದಲಿಸುವುದು

ಡ್ರೈವರ್‌ನೊಂದಿಗೆ ವಾರಗಟ್ಟಲೆ ಗುದ್ದಾಡುವುದಕ್ಕಿಂತ ಕಾರ್ಡ್ ಬದಲಿಸುವುದೇ ಲೇಸು ಎಂಬುದು ನನ್ನ ಅಭಿಪ್ರಾಯ, ಆದರೆ ಕೊಳ್ಳುವ ಮೊದಲು ನಾಲ್ಕಾರು ಸಂಗತಿ ತಿಳಿದಿರಬೇಕು. ಅತಿ ತೆಳ್ಳಗಿನ ಲ್ಯಾಪ್‌ಟಾಪುಗಳಲ್ಲಿ ಕಾರ್ಡನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುವುದುಂಟು, ಅದನ್ನು ಬದಲಿಸಲಾಗದು. ಉಳಿದವುಗಳಲ್ಲಿ ಹಳೆಯವಕ್ಕೆ ಅರ್ಧ ಅಳತೆಯ ಮಿನಿ ಪಿಸಿಐಇ ಕಾರ್ಡ್, ಹೊಸವಕ್ಕೆ ಎಂ.2 ಮಾದರಿಯ 2230 ಅಳತೆಯ, ಅಂದರೆ 22 ಮಿಲಿಮೀಟರ್ ಅಗಲ, 30 ಮಿಲಿಮೀಟರ್ ಉದ್ದದ ಕಾರ್ಡ್. ಮಿನಿ ಪಿಸಿಐಇ ಸ್ಲಾಟಿಗೆ ಇಂಟೆಲ್ 7260ರ ಎಚ್‌ಎಂಡಬ್ಲ್ಯು ರೂಪ ಒಳ್ಳೆಯ ಆಯ್ಕೆ. ಎಂ.2 ಸ್ಲಾಟಿಗೆ ಎಎಕ್ಸ್200 ಅಥವಾ ಎಎಕ್ಸ್210.

ಎಎಕ್ಸ್200 ಎಂದು ಕೇಳಲು ಹೋಗಿ ಎಎಕ್ಸ್201 ತಂದವರು ಬಹಳ ಮಂದಿ. ಒಂದಂಕಿಯ ಈ ವ್ಯತ್ಯಾಸ ಚಿಕ್ಕದಲ್ಲ. ಎಎಕ್ಸ್201, ಎಎಕ್ಸ್211, 9560 ಇವು ಇಂಟೆಲ್‌ನ ಸಿಎನ್‌ವಿಐ ಪದ್ಧತಿಯ ಕಾರ್ಡುಗಳು. ವೈಫೈಯ ಮುಖ್ಯ ಭಾಗ ಇಂಟೆಲ್‌ನ ಪ್ರೊಸೆಸರ್ ಅಥವಾ ಚಿಪ್‌ಸೆಟ್‌ನೊಳಗಿದ್ದು, ಕಾರ್ಡಿನಲ್ಲಿ ರೇಡಿಯೋ ಭಾಗ ಮಾತ್ರ ಇರುತ್ತದೆ. ಎಎಂಡಿ ಯಂತ್ರದಲ್ಲಿ ಅಥವಾ ಆ ಪದ್ಧತಿಯಿಲ್ಲದ ಹಳೆಯ ಇಂಟೆಲ್ ಯಂತ್ರದಲ್ಲಿ ಇವು ಸ್ಲಾಟಿಗೆ ಸರಿಯಾಗಿ ಕೂತರೂ ಜೀವ ತಾಳುವುದಿಲ್ಲ. ಎಎಕ್ಸ್200, ಎಎಕ್ಸ್210, 9260 ಇವು ಸ್ವತಂತ್ರ ಪಿಸಿಐಇ ಕಾರ್ಡುಗಳು. ಬಿಲ್ಲಿನ ಮೇಲಿನ ಹೆಸರನ್ನು ನಂಬದೆ ಕಾರ್ಡಿನ ಮೇಲಿನ ಚೀಟಿಯನ್ನೇ ಓದಿ.

ಹಳೆಯ ಕೆಲವು ಬ್ರಾಂಡುಗಳ ಬಯಾಸ್‌ನಲ್ಲಿ ಅನುಮತಿಸಿದ ಕಾರ್ಡುಗಳ ಪಟ್ಟಿಯೊಂದು ಅಡಗಿರುತ್ತದೆ. ಪಟ್ಟಿಯಲ್ಲಿಲ್ಲದ ಕಾರ್ಡ್ ಹಾಕಿದರೆ ಅನಧಿಕೃತ ಕಾರ್ಡ್ ಎಂಬ ಸಂದೇಶ ತೋರಿಸಿ ಯಂತ್ರ ಮುಂದೆ ಹೋಗುವುದೇ ಇಲ್ಲ. ನಾವು ಹಣ ಕೊಟ್ಟು ಕೊಂಡ ಯಂತ್ರಕ್ಕೆ ನಮಗೆ ಬೇಕಾದ ಕಾರ್ಡ್ ಹಾಕುವ ಹಕ್ಕನ್ನೇ ಕಸಿಯುವ ಈ ಪದ್ಧತಿ ಅನ್ಯಾಯದ್ದು. ಅಂಥ ಯಂತ್ರಕ್ಕೆ, ಅದೇ ಮಾದರಿಯೊಂದಿಗೆ ತಯಾರಕರೇ ಕೊಟ್ಟಿದ್ದ ಬೇರೆ ಕಾರ್ಡನ್ನು ಅದರ ಬಿಡಿಭಾಗ ಸಂಖ್ಯೆಯ ಮೂಲಕ ಹುಡುಕಿ ತರುವುದು ಸುರಕ್ಷಿತ ದಾರಿ.

ಬದಲಿಸುವ ಕೆಲಸ ಹೀಗೆ. ಯಂತ್ರ ಆರಿಸಿ, ಚಾರ್ಜರ್ ತೆಗೆದು, ತಳದ ಮುಚ್ಚಳ ಬಿಚ್ಚಿ, ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಹಳೆಯ ಕಾರ್ಡಿನ ಮೇಲೆ ಕೂತಿರುವ ಎರಡು ತೆಳು ಆಂಟೆನಾ ತಂತಿಗಳಲ್ಲಿ ಯಾವ ಬಣ್ಣದ್ದು ಯಾವ ತುದಿಗಿತ್ತೆಂದು ಫೋನಿನಲ್ಲಿ ಚಿತ್ರ ತೆಗೆದುಕೊಳ್ಳಿ. ತಂತಿಯ ತಲೆಯನ್ನು ಪ್ಲಾಸ್ಟಿಕ್ ತುಂಡಿನಿಂದ ನೇರ ಮೇಲಕ್ಕೆ ಎತ್ತಬೇಕು, ಪಕ್ಕಕ್ಕೆ ಎಳೆದರೆ ಅದು ಮುರಿಯುತ್ತದೆ. ಸ್ಕ್ರೂ ತೆಗೆದೊಡನೆ ಕಾರ್ಡ್ ಓರೆಯಾಗಿ ಏಳುತ್ತದೆ, ಹೊಸದನ್ನು ಅದೇ ಓರೆಯಲ್ಲಿ ಸೇರಿಸಿ ಒತ್ತಿ ಸ್ಕ್ರೂ ಹಾಕಿ. ಮಿನಿ ಪಿಸಿಐಇ ಕಾರ್ಡಿನ ಆಂಟೆನಾ ಗುಂಡಿಗಿಂತ ಎಂ.2 ಕಾರ್ಡಿನ ಗುಂಡಿ ಚಿಕ್ಕದು, ಆದ್ದರಿಂದ ಅಡಾಪ್ಟರ್ ಹಾಕಿ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸುವ ಯೋಚನೆ ಇದ್ದರೆ ತಂತಿಗಳೂ ಹೊಂದುವುದಿಲ್ಲ ಎಂಬುದು ನೆನಪಿರಲಿ.

ಯುಎಸ್‌ಬಿ ಡಾಂಗಲ್

ಕಾರ್ಡ್ ಬದಲಿಸಲಾಗದವರಿಗೆ ಡಾಂಗಲ್ ಒಂದೇ ದಾರಿ. ಪೆಟ್ಟಿಗೆಯ ಮೇಲೆ ಲಿನಕ್ಸ್ ಎಂದು ಬರೆದಿದ್ದರೆ ಸಾಲದು. ಹೊರಗಿನಿಂದ ಡ್ರೈವರ್ ಹಾಕಿಕೊಳ್ಳಿ ಎಂಬುದೇ ಅದರ ಅರ್ಥವಾಗಿರಬಹುದು. ಮೀಡಿಯಾಟೆಕ್‌ನ ಎಂಟಿ7610ಯು ಮತ್ತು ಎಂಟಿ7612ಯು ಚಿಪ್ಪಿನ ಡಾಂಗಲ್‌ಗಳಿಗೆ ಕರ್ನಲ್ 4.19ರಿಂದಲೇ ಒಳಗಿನ ಡ್ರೈವರ್ ಇರುವುದರಿಂದ ನಾನು ಅವನ್ನೇ ಸೂಚಿಸುತ್ತೇನೆ. ಒಂದೇ ಹೆಸರಿನ ಡಾಂಗಲ್‌ನ ಬೇರೆ ಬೇರೆ ಹಾರ್ಡ್‌ವೇರ್ ಆವೃತ್ತಿಗಳಲ್ಲಿ ಬೇರೆ ಚಿಪ್ಪುಗಳಿರಬಹುದು, ಆದ್ದರಿಂದ ಆವೃತ್ತಿಯ ಸಂಖ್ಯೆಯನ್ನೂ ನೋಡಿ. ಚುಚ್ಚಿದ ಡಾಂಗಲ್ ಸಿಡಿ ಡ್ರೈವ್‌ನಂತೆ ಕಾಣಿಸಿಕೊಂಡರೆ ಗಾಬರಿಯಾಗಬೇಡಿ, ವಿಂಡೋಸ್ ಡ್ರೈವರನ್ನು ಅದು ಆ ರೂಪದಲ್ಲಿ ಹೊತ್ತು ತಂದಿರುತ್ತದೆ. ‘ಯುಎಸ್‌ಬಿ-ಮೋಡ್‌ಸ್ವಿಚ್’ ಪ್ಯಾಕೇಜ್ ಹಾಕಿದರೆ ಅದು ವೈಫೈ ರೂಪಕ್ಕೆ ತಿರುಗುತ್ತದೆ.

ಸಂಪರ್ಕವಿದೆ, ನೆಮ್ಮದಿಯಿಲ್ಲ

ಪದೇ ಪದೇ ಕಡಿದುಹೋಗುವ ಸಂಪರ್ಕಕ್ಕೆ ಬಹಳ ಸಲ ವಿದ್ಯುತ್ ಉಳಿತಾಯದ ವ್ಯವಸ್ಥೆಯೇ ಕಾರಣ. ‘ಸುಡೋ ಐಡಬ್ಲ್ಯು ಡೆವ್’ ಎಂದು ಬರೆದು, ನಿಮ್ಮ ಸಾಧನದ ಹೆಸರು ಸೇರಿಸಿ, ‘ಸೆಟ್ ಪವರ್_ಸೇವ್ ಆಫ್’ ಎಂದು ಮುಗಿಸಿ. ಗುಣ ಕಂಡರೆ ನೆಟ್‌ವರ್ಕ್ ಮ್ಯಾನೇಜರ್‌ನ ಸಂರಚನೆಯಲ್ಲಿ, ‘ಕನೆಕ್ಷನ್’ ವಿಭಾಗದ ಕೆಳಗೆ, ‘ವೈಫೈ.ಪವರ್‌ಸೇವ್’ ಬೆಲೆಯನ್ನು 2 ಎಂದು ಇಟ್ಟು ಶಾಶ್ವತಗೊಳಿಸಿ.

ಇನ್ನು ಮನೆಯ ರೌಟರಿನ 5 ಗಿಗಾಹರ್ಟ್ಸ್ ಹೆಸರು ಕಾಣುತ್ತಲೇ ಇಲ್ಲ ಎಂಬ ದೂರು. ಆರ್‌ಟಿಎಲ್8723ಬಿಇ, ಬಿಸಿಎಂ43142 ಮುಂತಾದ ಚಿಪ್ಪುಗಳಿಗೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು, ಅದು ಲಿನಕ್ಸ್‌ನ ದೋಷವಲ್ಲ. ಎರಡೂ ಗೊತ್ತಿರುವ ಕಾರ್ಡಾದರೆ ‘ಐಡಬ್ಲ್ಯು ರೆಗ್ ಗೆಟ್’ ಆದೇಶದಿಂದ ಕಾರ್ಡು ತಾನು ಯಾವ ದೇಶದಲ್ಲಿದ್ದೇನೆ ಎಂದುಕೊಂಡಿದೆ ನೋಡಿ. 00 ಎಂದಿದ್ದರೆ ಅದು ಎಲ್ಲ ದೇಶಗಳಿಗೂ ಸಲ್ಲುವ ಅತಿ ಬಿಗಿಯಾದ ನಿಯಮದಲ್ಲಿದೆ. ಭಾರತದಲ್ಲಿ 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 5 ಗಿಗಾಹರ್ಟ್ಸ್‌ನ ವಿಶಾಲ ಪಟ್ಟಿಯನ್ನು ಪರವಾನಗಿಯಿಂದ ಮುಕ್ತಗೊಳಿಸಿದೆ. ‘ಸುಡೋ ಐಡಬ್ಲ್ಯು ರೆಗ್ ಸೆಟ್’ ಎಂದು ಬರೆದು, ಭಾರತದ ಸಂಕೇತವಾದ ಐ, ಎನ್ ಎಂಬ ಎರಡು ದೊಡ್ಡ ಅಕ್ಷರಗಳನ್ನು ಸೇರಿಸಿದರೆ ಆ ನಿಯಮ ಅನ್ವಯವಾಗುತ್ತದೆ. ಇಂಟೆಲ್‌ನ ಈಚಿನ ಕಾರ್ಡುಗಳು ದೇಶವನ್ನು ತಾವೇ ನಿರ್ಧರಿಸಿಕೊಳ್ಳುವುದರಿಂದ ಅವುಗಳ ಮೇಲೆ ಈ ಆದೇಶ ನಡೆಯುವುದಿಲ್ಲ.

ಲಿನಕ್ಸ್‌ನಿಂದಾಚೆಗೆ

ಓಪನ್‌ಬಿಎಸ್‌ಡಿ ಎಂಬ ಬೇರೊಂದು ಕಾರ್ಯಾಚರಣ ವ್ಯವಸ್ಥೆ ಬಳಸುವವರಿಗೆ ‘ಎಫ್‌ಡಬ್ಲ್ಯು_ಅಪ್‌ಡೇಟ್’ ಎಂಬ ಆದೇಶ ಬೇಕಾದ ಫರ್ಮ್‌ವೇರನ್ನು ತಾನೇ ಇಳಿಸಿಕೊಳ್ಳುತ್ತದೆ, ಫೋನಿನ ಟೆದರಿಂಗ್ ಅಲ್ಲಿಯೂ ನಡೆಯುತ್ತದೆ. ಫ್ರೀಬಿಎಸ್‌ಡಿಗೆ ಇಂಟೆಲ್‌ನ ಹೊಸ ಕಾರ್ಡುಗಳ ಡ್ರೈವರ್ 13.1ರಲ್ಲಿ ಬಂದರೂ ಬಹುಕಾಲ ಹಳೆಯ ವೇಗಕ್ಕೆ ಸೀಮಿತವಾಗಿತ್ತು, ಆದ್ದರಿಂದ ಇತ್ತೀಚಿನ ಆವೃತ್ತಿಯನ್ನೇ ಬಳಸಬೇಕು. ಲಿನಕ್ಸ್‌ನಲ್ಲೇ ಟ್ರಿಸ್ಕೆಲ್‌ನಂತಹ ಸಂಪೂರ್ಣ ಮುಕ್ತ ವಿತರಣೆಗಳು ಮುಚ್ಚಿದ ಫರ್ಮ್‌ವೇರನ್ನು ಒಪ್ಪುವುದೇ ಇಲ್ಲ. ಆ ದಾರಿ ಆರಿಸಿದವರಿಗೆ ಎಆರ್9285, ಎಆರ್9380, ಎಆರ್9485 ಮುಂತಾದ ಹಳೆಯ ಅಥೆರಾಸ್ ಕಾರ್ಡುಗಳೇ ಗತಿ.

ಕೊಳ್ಳುವ ಮುನ್ನ ಹತ್ತು ನಿಮಿಷ

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಾಗಲಿ ನಿಮ್ಮ ಊರಿನ ಅಂಗಡಿಯಲ್ಲಾಗಲಿ ಬಳಸಿದ ಲ್ಯಾಪ್‌ಟಾಪ್ ನೋಡಲು ಹೋಗುವಾಗ, ನೀವು ಹಾಕಬೇಕೆಂದಿರುವ ವಿತರಣೆಯ ಲೈವ್ ಪೆನ್‌ಡ್ರೈವ್ (ಅನುಸ್ಥಾಪಿಸದೆ ನೇರವಾಗಿ ಲಿನಕ್ಸ್ ಓಡಿಸುವಂಥದ್ದು) ಒಯ್ಯಿರಿ. ಲೈವ್ ಆಗಿ ಓಡಿಸಿದರೆ ಒಳಗಿನ ಡಿಸ್ಕಿಗೆ ಏನೂ ಆಗುವುದಿಲ್ಲವೆಂದು ಅಂಗಡಿಯವರಿಗೆ ಮೊದಲೇ ತಿಳಿಸಿ. ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಕೊಟ್ಟು ಚಿಪ್ ಸಂಖ್ಯೆ ಬರೆದುಕೊಳ್ಳಿ, ನಿಮ್ಮ ಫೋನಿನ ಹಾಟ್‌ಸ್ಪಾಟಿಗೆ ಜೋಡಿಸಿ ಒಂದು ಸಣ್ಣ ವಿಡಿಯೊ ಓಡಿಸಿ, ಫೋನ್ ಹಿಡಿದು ಹತ್ತು ಹೆಜ್ಜೆ ದೂರ ಹೋಗಿ ಸಿಗ್ನಲ್ ಎಷ್ಟು ಇಳಿಯುತ್ತದೆ ಗಮನಿಸಿ. ಬ್ಲೂಟೂತ್ ಬಹುಪಾಲು ಇದೇ ಕಾರ್ಡಿನಲ್ಲಿರುವುದರಿಂದ ಅದನ್ನೂ ಆನ್ ಮಾಡಿ ನೋಡಿ. ಕೊನೆಗೆ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ, ಎರಡು ನಿಮಿಷ ಬಿಟ್ಟು ತೆರೆಯಿರಿ. ನಿದ್ರೆಯಿಂದ ಎದ್ದ ಯಂತ್ರ ನೀವು ಏನೂ ಮುಟ್ಟದೆಯೇ ಮತ್ತೆ ಹಾಟ್‌ಸ್ಪಾಟ್ ಹಿಡಿದುಕೊಂಡರೆ ಬೆಲೆಯ ಮಾತಿಗೆ ಕೂರಬಹುದು.